ಅಪಾರ್ಟ್‌ಮೆಂಟ್ ಕಾಯ್ದೆ ಮತ್ತು ನೆರೆಹೊರೆಯ ವ್ಯಾಜ್ಯ: ಒಂದು ವಿಮರ್ಶೆ

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯನ್ನು ನಿವಾಸಿಗಳು ಕೈಗೆತ್ತಿಕೊಳ್ಳುವುದು ಬಹುಶಃ ಜಗಳವಾದ ಮೇಲೆಯೇ. ಲೆಕ್ಕದ ವಿಷಯದಲ್ಲಿ ಅದು ಅಚ್ಚುಕಟ್ಟಾಗಿದೆ. ಸಾಮಾನ್ಯ ಸ್ಥಳಗಳಲ್ಲಿ ಪ್ರತಿಯೊಬ್ಬ ಮಾಲೀಕರಿಗೂ ಶೇಕಡಾವಾರು ಅವಿಭಜಿತ ಪಾಲುಂಟು. ವೆಚ್ಚದ ಹಂಚಿಕೆಯೂ ಆ ಪಾಲಿಗೆ ಅನುಗುಣವಾಗಿಯೇ. ‘ನಾವು ಲಿಫ್ಟ್ ಹತ್ತುವುದೇ ಇಲ್ಲ, ಅದರ ಖರ್ಚೇಕೆ?’ ಎಂದು ನೆಲಮಹಡಿಯವರು ಕೇಳಿದರೆ ಅಲ್ಲಿ ನೇರ ಉತ್ತರವಿದೆ: ಸೌಲಭ್ಯವನ್ನು ಬಳಸದೆ ಬಿಟ್ಟ ಮಾತ್ರಕ್ಕೆ ಹೊಣೆ ತಪ್ಪದು.

ಕೊರತೆ ಕಾಣುವುದು ನೀರು ಸೋರಿದಾಗ. ಮೇಲಿನ ಬಚ್ಚಲುಮನೆಯಿಂದ ಕೆಳಮನೆಯ ಛಾವಣಿ ಒದ್ದೆಯಾದರೆ, ಆ ಕೊಳವೆ ಯಾರದು? ನೆಲ ಅಗೆಯುವ ಖರ್ಚು ಯಾರದು? ಬೇರೊಂದು ಮನೆಗೆ ಹಾನಿಯಾಗದಂತೆ ತುರ್ತು ದುರಸ್ತಿಗಾಗಿ ಯಾವ ಮನೆಯನ್ನಾದರೂ ಪ್ರವೇಶಿಸುವ ಹಕ್ಕನ್ನು ಕಾಯ್ದೆಯು ಸಂಘಕ್ಕೆ ಕೊಟ್ಟಿದೆ. ಇಡೀ ಕಾಯ್ದೆಯಲ್ಲಿ ಇಷ್ಟು ವಿವೇಕದ ಉಪಬಂಧ ಮತ್ತೊಂದಿಲ್ಲ. ಆದರೆ ಮೇಲಿನವರು ಬಾಗಿಲನ್ನೇ ತೆರೆಯದಿದ್ದರೆ? ನಷ್ಟಪರಿಹಾರಕ್ಕೋ ತಡೆಯಾಜ್ಞೆಗೋ ದಾವೆ ಹೂಡಬೇಕು. ಸಂಘದ ಸಭೆಗೂ ಸಿವಿಲ್ ನ್ಯಾಯಾಲಯಕ್ಕೂ ನಡುವೆ ಕಾಯ್ದೆಯು ಒಂದು ಮೆಟ್ಟಿಲನ್ನೂ ಕಟ್ಟಲಿಲ್ಲ. ದಾವೆ ವರ್ಷಗಟ್ಟಲೆ ನಡೆದೀತು. ಸೋರುವ ನೀರು ಕಾಯದು. ಒಂದೇ ಮೆಟ್ಟಿಲಲ್ಲಿ ಹತ್ತಿಳಿಯುವ ಎರಡು ಕುಟುಂಬಗಳು ವಾದಿ-ಪ್ರತಿವಾದಿಗಳಾಗಿ ಉಳಿಯುತ್ತವೆ.

ಬೈಲಾದಲ್ಲಿ ಪದಾಧಿಕಾರಿಗಳ ಚುನಾವಣೆ, ಸಭೆ, ವಂತಿಗೆ ವಸೂಲಿಯ ಕ್ರಮ ಇರಬೇಕೆಂದು ಕಾಯ್ದೆ ವಿಧಿಸಿತು. ರಾಜಿಯ ಕ್ರಮವನ್ನು ಸಂಘಗಳ ವಿವೇಚನೆಗೆ ಬಿಟ್ಟಿತು. ಹೆಚ್ಚೇನೂ ಬೇಕಿಲ್ಲ. ದೂರು ಬಂದ ಮೂರು ದಿನದೊಳಗೆ ಉಭಯರೂ ಒಪ್ಪಿದ ಪ್ಲಂಬರ್‌ನಿಂದ ತಪಾಸಣೆ. ದುರಸ್ತಿಯ ಖರ್ಚನ್ನು ಮೊದಲು ಸಂಘ ಭರಿಸಿ, ಆಮೇಲೆ ಹೊಣೆಗಾರರಿಂದ ವಸೂಲಿ. ಈ ಎರಡು ಸಾಲುಗಳನ್ನು ಛಾವಣಿ ಒಣಗಿರುವಾಗಲೇ ಬೈಲಾದಲ್ಲಿ ಸೇರಿಸಿಕೊಳ್ಳಬಹುದು.