ತಮಟೆಗೆ ಕಿವಿಗೊಟ್ಟವರಾರು?

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ವಿದ್ಯಾರ್ಥಿಗಳೊಡನೆ ಮಾಗಡಿ, ಕನಕಪುರದ ಹಳ್ಳಿಗಳನ್ನು ಸುತ್ತಿ ಹಲವು ವರ್ಷ ಹಾಡುಗಳನ್ನು ಬರೆದುಕೊಂಡಿದ್ದೇನೆ. ಮೊನ್ನೆ ಆ ಹಳೆಯ ಪುಸ್ತಕಗಳನ್ನು ತಿರುವಿಹಾಕುವಾಗ ನಾಚಿಕೆಯಾಯಿತು. ಅವುಗಳಲ್ಲಿ ಮಾತಿದೆ, ಬಡಿತವಿಲ್ಲ. ಹಬ್ಬಹಬ್ಬದಲ್ಲಿಯೂ ಎದುರಿಗೇ ನಿಂತಿದ್ದವರ ವಿಷಯ 'ಹಿಮ್ಮೇಳ: ತಮಟೆ' ಎಂಬ ಎರಡು ಪದಗಳಲ್ಲಿ ಮುಗಿದಿದೆ. ಈ ತಪ್ಪು ನನ್ನೊಬ್ಬನದೇ ಅಲ್ಲ. ನಮ್ಮ ಜಾನಪದ ವಿಮರ್ಶೆಯ ರೂಢಿಯೇ ಬಹುಮಟ್ಟಿಗೆ ಹೀಗೆ.

ಪೂಜಾ ಕುಣಿತವನ್ನೇ ನೋಡಿ. ದೇವರ ಬಿದಿರು ಚೌಕಟ್ಟನ್ನು ತಲೆಯ ಮೇಲೆ ಹೊತ್ತು, ಕೈಬಿಟ್ಟು ಕುಣಿಯುವವನ ಮೇಲೆ ನಮ್ಮ ಕಣ್ಣು. ಅವನ ಕಾಲು ಮಾತ್ರ ತಮಟೆಯ ಮಾತು ಕೇಳುತ್ತದೆ. ಬಡಿತ ತಿರುಗಿದರೆ ಹೆಜ್ಜೆಯೂ ತಿರುಗುತ್ತದೆ. ಬಳೆಗೆ ಬಿಗಿದ ಒಂದೇ ಮುಖದ ಚರ್ಮ, ಒಂದು ಕೈಯಲ್ಲಿ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳು ಕಡ್ಡಿ. ನುಡಿಸುವ ಮೊದಲು ಅದನ್ನು ಬೆಂಕಿಗೆ ಹಿಡಿಯುತ್ತಾರೆ. ತೇವ ಆರಿ ಚರ್ಮ ಬಿಗಿದಂತೆ ಸ್ವರವೇರುತ್ತದೆ. ತಂಬೂರಿಯ ಶ್ರುತಿಗೆ ತಲೆದೂಗುವ ನಾವು ಇದನ್ನೂ ಶ್ರುತಿ ಮಾಡುವುದೆಂದು ಎಣಿಸಿದೆವೆ?

ಕೊರಿಯಾ ದೇಶದ ರೈತವಾದ್ಯಗಳ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಹಳ್ಳಿಯ ಅಂಗಳದಲ್ಲಿ ಕುಣಿಯುತ್ತ ಬಾರಿಸುತ್ತಿದ್ದ ಎರಡು ಲೋಹವಾದ್ಯ, ಎರಡು ಚರ್ಮವಾದ್ಯಗಳನ್ನು ಕಿಮ್ ದುಕ್-ಸೂ ಮತ್ತು ಸಂಗಡಿಗರು 1978ರಲ್ಲಿ ಸೋಲ್ ನಗರದ ರಂಗದ ಮೇಲೆ ತಂದರು. ಕುಣಿತವನ್ನು ಬದಿಗಿಟ್ಟು ಕುಳಿತು ನುಡಿಸುವ ಆ 'ಸಮುಲ್‌ನೋರಿ'ಯನ್ನು ಲೋಕವೇ ಸಂಗೀತವೆಂದು ಕೇಳಿತು. ಅಂಗಳದ ಸಡಗರ ಅಷ್ಟು ಕಡಿಮೆಯಾಯಿತೆನ್ನಬಹುದು. ಆದರೆ ಕೇಳುವ ಕಿವಿ ಹುಟ್ಟಿತು.

ನಮ್ಮಲ್ಲಿ ಗೌರವ ಇಲ್ಲವೆಂದಲ್ಲ. ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಿಂದ ರಾಮನಗರದ ಬಳಿಯೇ ಇದೆ. ಚಿಕ್ಕಬಳ್ಳಾಪುರ ಸೀಮೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಆದರೂ ಶಾಲು ಹೊದಿಸಿದ ಮಾತ್ರಕ್ಕೆ ಋಣ ತೀರದು. ಸಾವಿನ ಮನೆಯ ಮುಂದೆ ಬಾರಿಸಲೇಬೇಕೆಂದು ದಲಿತರ ಹೆಗಲಿಗೆ ಜಾತಿಯ ಕಟ್ಟಳೆ ಹೇರಿದ್ದೂ ಇದೇ ತಮಟೆಯನ್ನು. ಆ ನೋವಿನಿಂದ ಅದನ್ನು ಕೆಳಗಿಟ್ಟ ತರುಣನನ್ನು 'ಪರಂಪರೆ ಬಿಟ್ಟ' ಎಂದು ಹಳಿಯುವ ಹಕ್ಕು ನಮಗಿಲ್ಲ. ತಾನಾಗಿ ಒಲಿದು ಎತ್ತಿಕೊಂಡವನಿಗೆ ಕಲಾವಿದನ ಸಂಭಾವನೆ ಸಲ್ಲಬೇಕು. ಕನಿಕರವಲ್ಲ, ನಿಷ್ಠುರವಾದ ವಿಮರ್ಶೆಯೂ ಸಲ್ಲಬೇಕು.

ಮುಂದಿನ ಹಬ್ಬಕ್ಕೂ ಪುಸ್ತಕ ಹಿಡಿದು ಹೋಗುವವನಿದ್ದೇನೆ. ಈ ಸಲ ಮೊದಲು ಬರೆದುಕೊಳ್ಳುವುದು ತಮಟೆಯವರ ಹೆಸರನ್ನು.