ಕಲ್ಲಿನಂಥ ಹಿಟ್ಟು, ಹುಡಿಹುಡಿ ಬಿಸ್ಕೀಟು

ಮೇ ತಿಂಗಳಲ್ಲಿ ರಾಯಚೂರು ಕಡೆಯ ನಮ್ಮೂರು ಗಬ್ಬೂರಿನ ಅಡುಗೆಮನೆಯೊಳಗೆ ತುಪ್ಪದ ಡಬ್ಬಿ ತೆರೆದರೆ ಎಣ್ಣೆಯ ಡಬ್ಬಿ ತೆರೆದ ಹಾಗಿರುತ್ತದೆ. ಹರಳುಗಟ್ಟಿದ ತುಪ್ಪವೆಂಬುದು ನಮಗೆ ಯುಗಾದಿಗೆ ಮೊದಲೇ ಮುಗಿದುಹೋಗುವ ಸುಖ. ಹೊರಗೆ 42 ಡಿಗ್ರಿ ಬಿಸಿಲು. ಹಳೆ ಗುಡಿಗಳ ಹಾಸುಗಲ್ಲಿನ ಮೇಲೆ ಮಧ್ಯಾಹ್ನ ಬರಿಗಾಲು ಊರಲಾಗದು. ಮನೆಯಲ್ಲಿ ಬಿಸ್ಕೀಟು ಸುಡುವವರ ಕಷ್ಟ ಶುರುವಾಗುವುದೇ ಇಲ್ಲಿಂದ. ತುಪ್ಪವಾಗಲಿ ಬೆಣ್ಣೆಯಾಗಲಿ 35 ಡಿಗ್ರಿ ಆಸುಪಾಸಿನಲ್ಲಿ ಕರಗಿಬಿಡುತ್ತದೆ. ಕಲಸಿದ ಹಿಟ್ಟು ಉಂಡೆ ಕಟ್ಟುವಷ್ಟರಲ್ಲಿ ಬೆರಳ ಸಂದಿಯಲ್ಲಿ ಜಾರತೊಡಗುತ್ತದೆ.

ಹೋದ ವರ್ಷ ಬೇಸಿಗೆ ರಜೆಗೆ ಬಂದ ಅಣ್ಣನ ಮಗಳು ಬೆಂಗಳೂರಿನ ಅಂಗಡಿಯಿಂದ ಫ್ರೋಜನ್ ಬಿಸ್ಕೀಟು ಹಿಟ್ಟಿನ ಎರಡು ಪೊಟ್ಟಣ ತಂದಿದ್ದಳು. ಕತ್ತರಿಸಿಟ್ಟ ಬಿಲ್ಲೆಗಳು, ಸುಟ್ಟುಕೊಂಡರಾಯಿತು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಬಂದವು. ರಾಯಚೂರಿನಲ್ಲಿಳಿದು, ದೇವದುರ್ಗದ ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ಮೆತ್ತಗಾಗಿದ್ದವು. ತಡೆಯಲಾರದೆ ಒಂದು ಪೊಟ್ಟಣ ಆಗಲೇ ಸುಟ್ಟೆವು. ಬಿಲ್ಲೆಗಳೆಲ್ಲ ಹರಡಿ ಒಂದಕ್ಕೊಂದು ಕೂಡಿಕೊಂಡು ತಟ್ಟೆಯ ತುಂಬ ಒಂದೇ ಹಾಳೆಯಾಯಿತು. "ಹಪ್ಪಳ ಆಗ್ಯಾವ ನೋಡಪಾ" ಎಂದಳು ಅವ್ವ. ಇನ್ನೊಂದರಲ್ಲಿ ತಂಪು ಇನ್ನೂ ಉಳಿದಿತ್ತು. ಅದನ್ನು ಫ್ರೀಜರಿಗೆ ಹಾಕಿ, ಮರುದಿನ ಬೆಳಗ್ಗೆ ಕಲ್ಲಾಗಿದ್ದಾಗಲೇ ಒಲೆಗೇರಿಸಿದೆವು. ಒಂದೊಂದು ಬಿಲ್ಲೆಯೂ ತನ್ನ ಅಂಚು ಬಿಡದೆ ನಿಂತಿತು.

ಅಂದಿನಿಂದ ನನ್ನ ನಂಬಿಕೆ ಇಷ್ಟು: ನಮ್ಮಂಥ ಬಿಸಿಲೂರಿನಲ್ಲಿ ಬಿಸ್ಕೀಟಿಗೆ ಒಲೆಗಿಂತ ಫ್ರೀಜರ್ ಮುಖ್ಯ. ಹಿಟ್ಟು ಗಟ್ಟಿಯಾಗಿದ್ದರೆ ಒಳಗಿನ ತುಪ್ಪ ಕರಗುವಷ್ಟರಲ್ಲಿ ಹೊರಮೈ ಬೆಂದು ಬಿಗಿಯಾಗುತ್ತದೆ, ಆಕಾರ ಉಳಿಯುತ್ತದೆ. ಮೊದಲೇ ಕರಗಿದ್ದರೆ ಬೇಯುವ ಮುಂಚೆಯೇ ಹರಿದುಹೋಗುತ್ತದೆ. ಆದ್ದರಿಂದ ಫ್ರೀಜರಿನಿಂದ ತೆಗೆದದ್ದನ್ನು ಕರಗಲೆಂದು ಹೊರಗಿಡಬೇಡಿ. ಎರಡು ಮೂರು ನಿಮಿಷ ಹೆಚ್ಚು ಬೇಯಲಿ, ಅಷ್ಟೇ.

ಹಿಟ್ಟು ಒಂದು ಕಡೆ, ಸುಡುವುದು ಇನ್ನೊಂದು ಕಡೆ ಎಂಬುದು ನಮಗೇನೂ ಹೊಸದಲ್ಲ. ನಾವು ಚಿಕ್ಕವರಿದ್ದಾಗ ಮನೆಯಿಂದ ಹಿಟ್ಟು, ಸಕ್ಕರೆ, ಡಾಲ್ಡಾ ಒಯ್ದು ಬೇಕರಿಯಲ್ಲಿ ಕೊಟ್ಟು ಬಿಸ್ಕೀಟು ಮಾಡಿಸಿಕೊಂಡು ಬರುತ್ತಿದ್ದೆವು. ಭಟ್ಟಿಯ ಮುಂದೆ ಸರತಿ ಕಾದು, ಬಿಸಿ ಆರಿದ ಮೇಲೆ ಎಣ್ಣೆ ಡಬ್ಬಿಗೆ ತುಂಬಿ, ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಗೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆ ಇದು. ಹೈದರಾಬಾದಿನ ಉಸ್ಮಾನಿಯಾ ಬಿಸ್ಕೀಟು ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರ ಹೆಸರು ಹೊತ್ತದ್ದು. ಚಹಾದ ಜೊತೆ ಸ್ವಲ್ಪ ಉಪ್ಪು, ಸ್ವಲ್ಪ ಸಿಹಿ ಬೇಡುವ ನಾಲಿಗೆ ನಮಗೂ ಆ ಕಡೆಯಿಂದಲೇ ಬಂದದ್ದೆಂದು ನನಗನ್ನಿಸುತ್ತದೆ.

ಓವನ್ ಇಲ್ಲದ ಮನೆಯವರಿಗೆ ನಾನು ಹೇಳುವುದು ಉಪ್ಪಿನ ಹಾಸು. ಒಳ್ಳೆಯ ಕುಕ್ಕರನ್ನು ನೀರಿಲ್ಲದೆ ಒಲೆಯ ಮೇಲಿಟ್ಟು ಹಾಳು ಮಾಡಿಕೊಳ್ಳಬೇಡಿ. ದಪ್ಪ ತಳದ ಹಳೆಯ ಕಬ್ಬಿಣದ ಬಾಂಡ್ಲಿ ಸಾಕು. ತಳಕ್ಕೆ ಒಂದು ಕಿಲೋ ಕಲ್ಲುಪ್ಪು ಸುರಿದು ಹರವಿ, ನಡುವೆ ಸ್ಟ್ಯಾಂಡ್ ಇಟ್ಟು, ಬಿಗಿಯಾಗಿ ಕೂಡುವ ಮುಚ್ಚಳ ಮುಚ್ಚಿ ನಡುವುರಿಯಲ್ಲಿ ಹದಿನೈದು ನಿಮಿಷ ಕಾಯಿಸಿ. ಮೊದಲು ಉಪ್ಪು ಚಟಪಟ ಸಿಡಿಯುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಆ ಸಿಡಿತ ನಿಂತ ಮೇಲೆ ಒಂದೇ ಒಂದು ಬಿಲ್ಲೆಯನ್ನು ತಟ್ಟೆಯಲ್ಲಿಟ್ಟು ನೋಡಿ. ಐದು ನಿಮಿಷದೊಳಗೆ ತಳ ಕಪ್ಪಾದರೆ ಉರಿ ಹೆಚ್ಚಾಯಿತೆಂದು ಅರ್ಥ. ಹದಿನೆಂಟು ಇಪ್ಪತ್ತು ನಿಮಿಷಕ್ಕೆ ತಳ ಜೇನು ಬಣ್ಣಕ್ಕೆ ತಿರುಗಿ ಮೇಲೆ ಸಣ್ಣ ಬಿರುಕು ಮೂಡಿದರೆ ಅದೇ ಹದ. ಬಿಸಿಯಿದ್ದಾಗ ಮುಟ್ಟಿದರೆ ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಲೆಗಿಟ್ಟವರು ಕೆಡಿಸಿಕೊಂಡರು. ತಟ್ಟೆಯಲ್ಲೇ ಆರಲು ಬಿಡಿ.

ಬಾಂಡ್ಲಿಯಲ್ಲಿ ಕಾವು ತಳದಿಂದಲೇ ಹೆಚ್ಚು ಬರುತ್ತದೆ, ನೆತ್ತಿಗೆ ಕೆಂಪು ಏರುವುದಿಲ್ಲ. ಅದಕ್ಕೇ ಅಂಗಡಿಯ ಚಾಕೊಲೇಟ್ ಬಿಲ್ಲೆಗಳು ಇಲ್ಲಿ ಪೆಚ್ಚಾಗಿ ಕಾಣುತ್ತವೆ. ಫ್ರೋಜನ್ ಪಫ್ ಹಾಳೆಯನ್ನಂತೂ ಬಾಂಡ್ಲಿಗೆ ಹಾಕಲೇಬೇಡಿ. ಅದರ ಪದರಗಳು ಬಿಚ್ಚಲು 200 ಡಿಗ್ರಿಯ ಜೋರು ಕಾವು ಬೇಕು. ಈ ಒಲೆಗೆ ಒಪ್ಪುವುದು ನಾನ್‌ಖಟಾಯಿ. ಬೆಂದರೂ ಬೆಳ್ಳಗೇ ಇರಬೇಕಾದ ತಿಂಡಿ ಅದು.

ಪೊಟ್ಟಣ ಕೊಳ್ಳುವವರು ಹಿಂಬದಿ ಓದಿ. ಮೊದಲ ಮೂರು ಪದಾರ್ಥಗಳಲ್ಲಿ ಬೆಣ್ಣೆಯಿದ್ದರೆ ಕೊಳ್ಳಿ. ಪಾಮ್ ಎಣ್ಣೆ ಮತ್ತು ಎಸೆನ್ಸ್ ಎಂದಿದ್ದರೆ ಬಿಟ್ಟುಬಿಡಿ. ನಾನು ಈಗ ಫ್ರೋಜನ್ ಹಿಟ್ಟನ್ನು ಮನೆಯಲ್ಲೇ ಮಾಡಿಟ್ಟುಕೊಳ್ಳುತ್ತೇನೆ. ಮೈದಾ 150 ಗ್ರಾಂ, ಜೋಳದ ಹಿಟ್ಟು 50, ಕಡಲೆಹಿಟ್ಟು 50, ತುಪ್ಪ 150, ಸಕ್ಕರೆ ಪುಡಿ 125, ಯಾಲಕ್ಕಿ, ಅರ್ಧ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಹಾಲು, ನೀರು ಬೇಡ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ, ಬಿಸ್ಕೀಟು ಬಾಯಲ್ಲಿ ಹುಡಿಯಾಗುವುದು ಅದರಿಂದಲೇ. ಆ ಹುಡಿಯೇ ಬಿಲ್ಲೆ ಕಟ್ಟುವಾಗ ಕಾಟ ಕೊಡುತ್ತದೆ. ತಂಪು ಅದನ್ನು ಹಿಡಿದಿಡುತ್ತದೆ. ನಸುಕಿನ ತಂಪಿನಲ್ಲಿ ಕಲಸಿ, ಬಿಲ್ಲೆ ಮಾಡಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಫ್ರೀಜರಿಗೆ ಹಾಕಿ. ಕಲ್ಲಾದ ಮೇಲೆ ಡಬ್ಬಿಗೆ ತುಂಬಿದರೆ ಒಂದಕ್ಕೊಂದು ಅಂಟುವುದಿಲ್ಲ. ಕರೆಂಟ್ ಹೋದಾಗ ಫ್ರೀಜರಿನ ಬಾಗಿಲು ತೆರೆಯಬೇಡಿ. ಹೆಚ್ಚು ಹೊತ್ತು ಹೋಗಿ ಬಿಲ್ಲೆ ಮೆತ್ತಗಾಗತೊಡಗಿದರೆ, ತಂಪು ಆರುವ ಮುಂಚೆಯೇ ಅಷ್ಟನ್ನೂ ಸುಟ್ಟುಬಿಡಿ.

ಹೊತ್ತು ಮುಳುಗುವಾಗ ಯಾರಾದರೂ ಬಂದರೆ ಅವ್ವ ಈಗ ಅಂಗಡಿಗೆ ಕಳಿಸುವುದಿಲ್ಲ. ಡಬ್ಬಿಯಿಂದ ಎಂಟು ಬಿಲ್ಲೆ ಎಣಿಸಿ ಬಾಂಡ್ಲಿಗಿಡುತ್ತಾಳೆ. ಬಂದವರು ನೀರು ಕುಡಿದು, ಮಳೆ ಬೆಳೆ ಮಾತಾಡಿ ಮುಗಿಸುವಷ್ಟರಲ್ಲಿ ಚಹಾದ ಜೊತೆ ಬಿಸ್ಕೀಟು ಬರುತ್ತದೆ. ಹೀಗೆ ಮಾಡಿಟ್ಟ ಬಿಲ್ಲೆ ಮೂರು ತಿಂಗಳು ಚೆನ್ನಾಗಿರುತ್ತದೆ. ಆಮೇಲೆ ತುಪ್ಪದ ಘಮ ಇಳಿಯುತ್ತದೆ, ಅಷ್ಟರೊಳಗೆ ಸುಟ್ಟು ಮುಗಿಸಿ.