ಊರ ಇಗರ್ಜಿಗಳು: ಮುಂಗೋಡೆಯ ಹಿಂದಿನ ಪರಂಪರೆ

ಮಂಗಳೂರಿನ ಇಗರ್ಜಿಗಳ ವಾಸ್ತುಶಿಲ್ಪದ ಕುರಿತು ಬರುವ ಬರಹಗಳಲ್ಲಿ ಹೆಚ್ಚಿನವು ಕಟ್ಟಡದ ಮುಂಭಾಗದಲ್ಲೇ ನಿಂತುಬಿಡುತ್ತವೆ. ಇದು ಗೋಥಿಕ್, ಇದು ಪೋರ್ಚುಗೀಸ್ ಶೈಲಿ ಎಂದು ಹೆಸರಿಟ್ಟರೆ ಲೇಖಕನ ಕೆಲಸ ಮುಗಿಯಿತು. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಇಟಲಿಯ ಆಂತೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಬಿಡಿಸಿದ ಚಿತ್ರಗಳಿಗೂ ರೊಸಾರಿಯೊ ಕೆಥೆಡ್ರಲ್‌ನ ಗುಮ್ಮಟಕ್ಕೂ ಸಿಕ್ಕಿರುವ ಮನ್ನಣೆ ನ್ಯಾಯವಾದುದೇ. ಆದರೆ ನಗರದ ಈ ಕೆಲವು ಕಟ್ಟಡಗಳನ್ನೇ ಅಳತೆಗೋಲು ಮಾಡಿಕೊಂಡು ಸುತ್ತಲಿನ ಹಳ್ಳಿಗಳ ಇಗರ್ಜಿಗಳನ್ನು ನೋಡಿದರೆ ಅವು ಯುರೋಪಿನ ಬಡ ನಕಲುಗಳಂತೆ ಕಾಣುತ್ತವೆ. ಈ ನೋಟವನ್ನು ನಾವು ಒಪ್ಪುವುದಿಲ್ಲ.

ಹಳೆಯದೊಂದು ಊರ ಇಗರ್ಜಿಯನ್ನು ಎದುರಿನಿಂದಲ್ಲ, ಪಕ್ಕದಿಂದ ನೋಡಬೇಕು. ಮುಂಗೋಡೆಯ ಶಿಲುಬೆ, ಕಮಾನುಗಳು ಹೊರಗಿನಿಂದ ಬಂದವು, ನಿಜ. ಅದರ ಹಿಂದೆ ಉದ್ದಕ್ಕೆ ಚಾಚಿರುವ ಮೈ ಮಾತ್ರ ತುಳುನಾಡಿನದು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ನೆಲದಲ್ಲಿ ಯಾವ ಶೈಲಿಯೇ ಆಗಲಿ, ಮಳೆಗೆ ತಲೆಬಾಗಲೇಬೇಕು. ಇಳಿಜಾರು ಮಾಡು, ಗೋಡೆಗೆ ನೀರು ಬೀಳದಂತೆ ಕಾಯುವ ಜಗಲಿ, ದಪ್ಪನೆಯ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ಜಂತಿ ಪಕಾಸುಗಳು ಇವೆಲ್ಲ ಇಲ್ಲಿನ ಗುತ್ತಿನ ಮನೆಯಲ್ಲೂ ಬಸದಿಯಲ್ಲೂ ಹಳೆಯ ಮಸೀದಿಯಲ್ಲೂ ಇರುವಂಥವೇ. ಕೆಂಪು ಹಂಚಿನ ಕಥೆಯೂ ಹಾಗೆಯೇ. ಅದು ಅನಾದಿ ಕಾಲದ್ದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಆ ಹಂಚು ಬಂತು. ಪ್ರೊಟೆಸ್ಟೆಂಟ್ ಮಿಷನರಿಗಳು ಹುಟ್ಟುಹಾಕಿದ ಹಂಚು ಕಥೋಲಿಕರ ಇಗರ್ಜಿಗೂ ಮುಸ್ಲಿಮರ ಮಸೀದಿಗೂ ಹಿಂದೂಗಳ ದೇವಸ್ಥಾನಕ್ಕೂ ನೆರಳಾಯಿತು. ನೇತ್ರಾವತಿಯ ಮಣ್ಣಿಗೆ ಪಂಗಡದ ಭೇದವಿರಲಿಲ್ಲ.

ಇಷ್ಟು ಹೇಳಿ ಸೌಹಾರ್ದದ ಮಾತಿನಲ್ಲೇ ಮುಗಿಸಿಬಿಡುವುದು ಸುಲಭ. ಆದರೆ ಈ ಇಗರ್ಜಿಗಳ ವಾಸ್ತುವಿನಲ್ಲಿ ಒಂದು ದೊಡ್ಡ ಬಿರುಕಿದೆ; ಅದನ್ನು ಮುಚ್ಚಿಟ್ಟು ಬರೆದ ಚರಿತ್ರೆ ಚರಿತ್ರೆಯಾಗದು. ನಗರದ ಮಿಲಾಗ್ರಿಸ್ ಇಗರ್ಜಿ ಸ್ಥಾಪನೆಯಾದದ್ದು 1680ರಲ್ಲಿ. ಇಂದು ಕಾಣುವ ಕಟ್ಟಡ 1911ರದ್ದು. ಹಳ್ಳಿಗಳಲ್ಲೂ ಸ್ಥಾಪನೆಯ ವರ್ಷ ಹಳೆಯದು, ಗೋಡೆಗಳು ಹೊಸವು. ಇದಕ್ಕೆ ಒಂದು ಮುಖ್ಯ ಕಾರಣ 1784. ಆ ವರ್ಷ ಟಿಪ್ಪು ಸುಲ್ತಾನರ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. 27 ಇಗರ್ಜಿಗಳು ನೆಲಸಮವಾದವೆಂದು ಆ ಸಮುದಾಯದ ಚರಿತ್ರೆಕಾರರು ಬರೆದಿದ್ದಾರೆ. ಬ್ರಿಟಿಷರಿಗೆ ನೆರವಾದರೆಂಬ ಶಂಕೆಯೇ ಕಾರಣ, ಅದು ಧರ್ಮದ್ವೇಷವಲ್ಲ ಎಂಬ ವಾದವಿದೆ. ಆ ಚರ್ಚೆ ನಡೆಯಲಿ. ಆದರೆ ಕಾರಣ ಯಾವುದೇ ಇರಲಿ, 15 ವರ್ಷಗಳ ಸೆರೆಯ ನೋವು ಕಡಿಮೆಯಾಗುವುದಿಲ್ಲ. ಮಸೀದಿಗಳ ಜೊತೆಗೆ ಮಠ, ಇಗರ್ಜಿ, ಯಹೂದಿ ಆರಾಧನಾಲಯಗಳನ್ನೂ ಹೆಸರಿಸಿ ಅವುಗಳ ರಕ್ಷಣೆಯ ಮಾತನ್ನಾಡುವ ಪವಿತ್ರ ಕುರ್‌ಆನ್‌ನ ಅಲ್‌ಹಜ್ಜ್ ಅಧ್ಯಾಯದ 40ನೇ ವಚನವನ್ನು ಓದುವವರು ಈ ಮಾತನ್ನು ಹೇಳಲು ಹಿಂಜರಿಯಬೇಕಾಗಿಲ್ಲ.

ಅದೇ ಚರಿತ್ರೆಯಲ್ಲಿ ಇನ್ನೊಂದು ಪುಟವೂ ಇದೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿ ಉಳಿದದ್ದು ಅಲ್ಲಿನ ಧರ್ಮಗುರು ಜೋಕಿಂ ಮಿರಾಂದರಿಗೂ ಹೈದರಾಲಿಗೂ ಇದ್ದ ಸ್ನೇಹದಿಂದ ಎಂದು ಹೇಳಲಾಗುತ್ತದೆ. ಮೂಡುಬಿದಿರೆ ಬಳಿಯ ಹೊಸ್ಪೇಟೆಯ ಇಗರ್ಜಿಯನ್ನು ಚೌಟ ಅರಸರು ಉಳಿಸಿಕೊಟ್ಟರೆಂಬ ಉಲ್ಲೇಖವೂ ಇದೆ. ಸೆಪ್ಟೆಂಬರ್ 8ರಂದು ಹೊಸ ತೆನೆಗೆ ಆಶೀರ್ವಾದ ಪಡೆಯುವ ಮೊಂತಿ ಫೆಸ್ತ್‌ಗೆ ಆ ಹೆಸರು ಬಂದದ್ದು ಇದೇ ಮೊಂತೆ ಮರಿಯಾನೊದಿಂದ. 1763ರಲ್ಲಿ ಮಿರಾಂದರು ಅದನ್ನು ಆರಂಭಿಸಿದರೆಂಬುದು ಪ್ರತೀತಿ. ಈ ಹಬ್ಬವನ್ನು ನೆನೆದರೆ ಊರ ಇಗರ್ಜಿಯೆಂದರೆ ನಾಲ್ಕು ಗೋಡೆಗಳಷ್ಟೇ ಅಲ್ಲವೆಂಬುದು ತಿಳಿಯುತ್ತದೆ. ಹೂ ಹಿಡಿದ ಮಕ್ಕಳು ಸಾಲಾಗಿ ಬರುವ ಅಂಗಳ, ತೆನೆ ಹಂಚುವ ಜಗಲಿ, ಹಿಂದಿನ ಗದ್ದೆ ಎಲ್ಲವೂ ಅದರ ವಾಸ್ತುವಿನ ಭಾಗವೇ.

1784ರಲ್ಲಿ ಇಗರ್ಜಿಗಳನ್ನು ಕೆಡವಿದ್ದು ಸೈನ್ಯ. ಈಗ ಹಳೆಯ ಕಟ್ಟಡಗಳನ್ನು ಕೆಡವುತ್ತಿರುವುದು ಭಕ್ತಿ. ಶತಮಾನೋತ್ಸವ ಬಂತೆಂದರೆ ನವೀಕರಣ ಸಮಿತಿ ರಚನೆಯಾಗುತ್ತದೆ, ಗಲ್ಫ್‌ನಿಂದ ದೇಣಿಗೆ ಬರುತ್ತದೆ, ಮಾಡು ಇಳಿದು ಕಾಂಕ್ರೀಟ್ ತಾರಸಿ ಏರುತ್ತದೆ, ಅಂಗಳಕ್ಕೆ ಇಂಟರ್‌ಲಾಕ್ ಬೀಳುತ್ತದೆ. ಕೆಲವೊಮ್ಮೆ ಮುಂಗೋಡೆಯನ್ನಷ್ಟೇ ಉಳಿಸಿ ಪರಂಪರೆ ಉಳಿಸಿದೆವೆನ್ನುತ್ತಾರೆ. ಸ್ಥಳೀಯ ಜಾಣ್ಮೆ ಇದ್ದ ಭಾಗವೇ ಹೋದ ಮೇಲೆ ಉಳಿದದ್ದು ಯಾವ ಪರಂಪರೆ? ಉಳಿದ ಮುರಕಲ್ಲಿನ ಗೋಡೆಗೂ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಹೋಗಲಾರದೆ ಗೋಡೆ ಕ್ರಮೇಣ ಹಾಳಾಗುತ್ತದೆ. ಜನ ಹೆಚ್ಚಿದ್ದಾರೆ, ಜಾಗ ಸಾಲದು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಪಕ್ಕದಲ್ಲೊಂದು ಸಭಾಂಗಣ ಕಟ್ಟಬಹುದು. ಹಳೆಯದನ್ನು ಕೆಡವುವುದೇ ಪರಿಹಾರವೆಂದೇನಿಲ್ಲ.

ಈ ಮಾತನ್ನು ಕ್ರೈಸ್ತ ಬಾಂಧವರಿಗಷ್ಟೇ ಹೇಳುವ ಹಕ್ಕು ನಮಗಿಲ್ಲ. ಬಂದರಿನ ಝೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರಗೆಲಸವನ್ನು ಹೊಗಳುವ ನಾವೇ ನಮ್ಮ ಊರುಗಳ ಹಂಚಿನ ಮಸೀದಿಗಳನ್ನು ಕೆಡವಿ, ಎಲ್ಲಿಯೂ ಸಲ್ಲಬಹುದಾದ ಕಾಂಕ್ರೀಟ್ ಗುಮ್ಮಟ, ಮಿನಾರಗಳನ್ನು ನಿಲ್ಲಿಸುತ್ತಿದ್ದೇವೆ. ಬಳಕೆಯಲ್ಲಿರುವ ಊರ ಇಗರ್ಜಿ, ಮಸೀದಿಗಳ ರಕ್ಷಣೆ ಬಹುಮಟ್ಟಿಗೆ ಆಯಾ ಸಮುದಾಯದ ಕೈಯಲ್ಲೇ ಇದೆ. ಸರಕಾರ ಬಂದು ಕಾಯುವುದಿಲ್ಲ.

ಹಾಗಾಗಿ ಇಗರ್ಜಿಯ ಸಮಿತಿಗಳಿಗೂ ಜಮಾಅತ್‌ಗಳಿಗೂ ನಮ್ಮದು ಒಂದೇ ಕೋರಿಕೆ. ಹಾರೆ ಎತ್ತುವ ಮುನ್ನ ಕಟ್ಟಡದ ಅಳತೆ ತೆಗೆದು, ಚಿತ್ರ ತೆಗೆದು ದಾಖಲಿಸಿ. ಸುಣ್ಣದ ಗಾರೆ ಬಲ್ಲವರನ್ನು, ಹಳೆಯ ಮಾಡಿನ ಮರಗೆಲಸ ಬಲ್ಲ ಆಚಾರಿಗಳನ್ನು ಒಮ್ಮೆ ಕರೆಸಿ ಕೇಳಿ. ದುರಸ್ತಿ ಸಾಧ್ಯವಿಲ್ಲವೆಂದು ಅವರೂ ಹೇಳಿದ ಮೇಲೆಯೇ ಗುತ್ತಿಗೆದಾರರ ಅಂದಾಜುಪಟ್ಟಿ ಮೇಜಿನ ಮೇಲೆ ಬರಲಿ.